ಕಸದ ಗಾಡಿಯ ಲಿಲಾವು

ಗಟ್ಟಿಹಾಳ ಪೇಟೆ, ತಾ. ಗೋಕಾಕ
೨೬ ಮೇ ೧೯೩೭

ಚಿ. ಸೌ. ಬಾಳವ್ವಗೆ ನಿನ್ನ ಅಪ್ಪನ ಆಶೀರ್ವಾದ.

ನೀನು ಬರೆದ ಪತ್ರಗಳು ಗೋಡೆಯ ಮಾಡದಲ್ಲೇ ಇವೆ. ಉತ್ತರ ಬರೆಯದ ಅಪ್ಪನ ಮೇಲೆ ನಿನಗೆ ಸಿಟ್ಟು ಬಂದಿರಬೇಕು, ಬರಲಿ. ಕೂಸಿಗೆ ಹಲ್ಲು ಬಂದದ್ದು ಕೇಳಿ ನಿಮ್ಮವ್ವ ನಕ್ಕಳು. ಈ ಮನೆಯಲ್ಲಿ ನಗು ಕೇಳಿಸಿ ಬಹಳ ದಿನವಾಗಿತ್ತು. ಮೂಡಲಗಿಯಲ್ಲಿ ನಿಮ್ಮ ಮಾವನವರ ಮೊಣಕಾಲು ನೋವು ಇಳಿಯಿತೇ?

ಇಲ್ಲಿಯ ಸುದ್ದಿ ಬರೆಯಲು ಕೂತರೆ ಹೇಸಿಗೆಯಾಗುತ್ತದೆ. ಆದರೂ ಬರೆಯುತ್ತೇನೆ. ಊರಿನ ಕಸ ಸಾಗಿಸುವ ಗುತ್ತಿಗೆ ಅಕ್ಬರಸಾಬನ ಕೈತಪ್ಪಿತು. ನೀನು ಕಾಕಾ ಎಂದು ಕರೆಯುತ್ತಿದ್ದ ಅವನೇ. ನೀನು ಹುಟ್ಟುವ ಮೊದಲಿನಿಂದ ಬೆಳಗಾಗುವಷ್ಟರಲ್ಲಿ ಓಣಿ ಓಣಿಯ ಹೊಲಸು ಹೇರಿಕೊಂಡು ಊರಾಚೆಯ ತಗ್ಗಿಗೆ ಸುರಿದು ಬರುತ್ತಿದ್ದವನು. ಈ ಸಲ ಮುನ್ಸಿಪಾಲ್ಟಿ ಗುತ್ತಿಗೆಯನ್ನು ಹರಾಜಿಗಿಟ್ಟ ಲಿಲಾವಿಗೆ ದುಂಡಪ್ಪನೂ ಬಂದ, ಹೆಂಡ ಮಾರುವ ಆ ಸೆರೆ ಅಂಗಡಿಯ ದುಂಡಪ್ಪ. ಕಸದ ವಾಸನೆ ಎಂದೂ ಮೂಸದವನಿಗೆ ಕಸದ ಮೇಲೆ ಒಮ್ಮೆಲೇ ಪ್ರೀತಿ ಬಂತು.

ಅಕ್ಬರಸಾಬನ ಜಾಮೀನುದಾರನಾಗಿ ನಾನೂ ಸಭೆಯಲ್ಲಿದ್ದೆ. ದರದಲ್ಲಿ ಇಬ್ಬರೂ ಸಮ ನಿಂತರು. ಕೆಲಸ ಗೊತ್ತಿದ್ದವನಿಗೇ ಕೊಡೋಣ ಎಂದು ಚೇರಮನ್ನರು ಅನ್ನುವಷ್ಟರಲ್ಲಿ ಹೊಸ ಮೆಂಬರನೊಬ್ಬ ಎದ್ದು ನಿಂತ. ಅವನ ಹೆಸರು ಬರೆಯಲು ಕೈ ಬರುತ್ತಿಲ್ಲ.

"ಸಾಬರ ಗಾಡಿ ಮಠದ ಮುಂದಾಸಿ ಹಾಯತೈತ್ರಿ. ಮೈಲಿಗಿ ಆಗತೈತಿ ಅಂತ ಮಂದಿ ನನ್ನ ಮುಂದ ಅಳಾಕತ್ತಾರ" ಎಂದ.

ಅಳುವ ಮಂದಿಯನ್ನು ನಾನಂತೂ ಕಂಡಿಲ್ಲ. ಮಠದ ಸ್ವಾಮಿಗಳೇ ಅಕ್ಬರಸಾಬನನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. ಆದರೆ ಆ ಮಾತು ಬಿದ್ದದ್ದೇ ತಡ, ಎಲೆ ಅಡಿಕೆ ಜಗಿಯುತ್ತ ಕೂತಿದ್ದವರೆಲ್ಲ ಹೌದೌದು ಎಂದರು. ಯಾರೋ ನಕ್ಕರು. ಅಕ್ಬರಸಾಬ ಎದ್ದು, ಮೆಲ್ಲಗೇ ಕೇಳಿದ:

"ಹೊಲಸ ನಿಮ್ಮದು, ಹೇರಾಂವ ನಾನು. ಹೇರಿದ್ದಕ್ಕ ನಾನ ಹೊಲಸ ಆದ್ನೇನ್ರಿ?"

ಗುತ್ತಿಗೆ ದುಂಡಪ್ಪನಿಗೆ ಹೋಯಿತು. ಹೊರಗೆ ಬಂದು ಅವನು ಪೇಡೆ ಹಂಚಿದ. ಒಳಗೆ ಮೈಲಿಗೆಯ ಮಾತಾಡಿದವರು ಹೊರಗೆ ಬಂದು ಆ ಸೆರೆ ಮಾರುವ ಕೈಯಿಂದಲೇ ಪೇಡೆ ತಿಂದು, ಬೆರಳು ನೆಕ್ಕಿದರು.

ಮುಂದಿನದು ಕೇಳು. ತಗ್ಗಿನವರೆಗೆ ಹೋದರೆ ಎತ್ತು ದಣಿಯುತ್ತವಂತೆ! ದುಂಡಪ್ಪನ ಆಳುಗಳು ಕಸವನ್ನೆಲ್ಲ ಹಳ್ಳದ ದಂಡೆಗೇ ಸುರಿಯತೊಡಗಿದರು. ಅದರ ಕೆಳಗೇ ಕೆಳಗಿನ ಓಣಿಯ ಹೆಂಗಸರು ಉಸುಕಿನಲ್ಲಿ ಒರತೆ ತೋಡಿ ಕುಡಿಯುವ ನೀರು ತುಂಬುವುದು. ನಾನು ಹೋಗಿ ನೋಡಿದೆ. ಸತ್ತ ನಾಯಿಯೊಂದು ಹೊಟ್ಟೆ ಉಬ್ಬಿ ಬಿದ್ದಿತ್ತು, ಅದರ ರಸ ಒರತೆಯ ಕಡೆಗೇ ಇಳಿಯುತ್ತಿತ್ತು.

ಚೇರಮನ್ನರನ್ನು ಹಟ ಮಾಡಿ ಕರೆದೊಯ್ದೆ. ಅವರು ಅತ್ತರು ಹಚ್ಚಿದ ಕರವಸ್ತ್ರ ಮೂಗಿಗೆ ಹಿಡಿದು, ದೂರದಿಂದಲೇ ನೋಡಿ, "ಮಳಿ ಬಂದ್ರ ಎಲ್ಲಾ ಹರಕೊಂಡ ಹೋಗತೈತಿ ಬಿಡ್ರಿ ಸೋಮಪ್ಪ" ಎಂದರು. ದುಂಡಪ್ಪನನ್ನು ಪೇಟೆಯಲ್ಲಿ ತಡೆದು ಕೇಳಿದರೆ, "ನಿಮ್ಮ ಹಿತ್ತಲದಾಗ ಬಾಂವಿ ಐತಲ್ರಿ ಸಾವಕಾರ್ರ, ಹಳ್ಳದ ಚಿಂತಿ ನಿಮಗ್ಯಾಕ?" ಎಂದು ಹಲ್ಲು ಕಿರಿದ.

ಆ ವಾರವೇ ಕೆಳಗಿನ ಓಣಿಯಲ್ಲಿ ವಾಂತಿಭೇದಿ ಹಿಡಿಯಿತು. ನಮ್ಮ ಅಡತಿ ಅಂಗಡಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಯಮನವ್ವ ಹೋದಳು. ಮುಂಜಾನೆ ಕೆಲಸಕ್ಕೆ ಬಂದು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದವಳು, ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದವನೇ ನಾನು ಗೋಕಾಕಕ್ಕೆ ಹೋಗಿ ತಾಲೂಕಿನ ಮಾಮಲೇದಾರರ ಮುಂದೆ ನಿಂತೆ. ಅವರು ಬಂದು ಕಣ್ಣಾರೆ ಕಂಡು ದಂಡೆಯ ಕಸವನ್ನೆಲ್ಲ ಬಳಿಸಿ ತೆಗೆಸಿದರು. ಕಸ ಈಗ ತಗ್ಗಿಗೇ ಹೋಗುತ್ತಿದೆ. ಆದರೆ ಗುತ್ತಿಗೆ ದುಂಡಪ್ಪನಲ್ಲೇ ಉಳಿಯಿತು. ಯಮನವ್ವನ ಮನೆಗೆ ಮುನ್ಸಿಪಾಲ್ಟಿಯ ಒಬ್ಬನೂ ಹೋಗಿ ಮಾತನಾಡಿಸಲಿಲ್ಲ.

ಅಕ್ಬರಸಾಬ ಊರು ಬಿಟ್ಟ. ಕಣಗಲೆಯಲ್ಲಿ ಅವನ ಅಳಿಯನ ಮನೆ ಇದೆ, ಅಲ್ಲಿ ತಂಬಾಕಿನ ಗಾಡಿ ಹೊಡೆಯುತ್ತಾನಂತೆ. ಹೋಗಬೇಡ ಎಂದು ಅಂಗಲಾಚಿದೆ.

"ಇಲ್ಲಿ ಎತ್ತಿನ ಹಗ್ಗ ಹಿಡಕೊಂಡ ಹೊರಗ ಬಿದ್ರ ಆ ಮಾತ ಕಿವ್ಯಾಗ ಬರತೈತಿ, ಸೋಮಣ್ಣ. ತಡಕೊಂಡ ಇರಾಕ ಆಗವಲ್ದು" ಎಂದ.

ಈಗ ಪೇಟೆಯಲ್ಲಿ ಯಾರಾದರೂ ಶರಣು ಅಂದರೆ ಮರಳಿ ಶರಣು ಅನ್ನಲು ಮನಸ್ಸಾಗುವುದಿಲ್ಲ. ಪೇಡೆ ನೆಕ್ಕಿದ ಆ ಬೆರಳುಗಳೇ ಕಣ್ಣಿಗೆ ಬೀಳುತ್ತವೆ.

ನೀನು ನೀರನ್ನು ಕಾಸಿ ಕುಡಿ, ಕೂಸಿಗೂ ಹಾಗೇ ಕುಡಿಸು. ನಿನ್ನ ಒಲೆ ಬೆಚ್ಚಗಿರಲಿ, ಗಂಡ ಮಕ್ಕಳು ಕಣ್ಣೆದುರು ಸುಖವಾಗಿರಲಿ, ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಸೋಮಪ್ಪ

ತಾ.ಕ. ಲಕೋಟೆ ಅಂಟಿಸುವ ಮೊದಲು ನಿಮ್ಮವ್ವ, "ಅಕಿಗ ಖರೆ ಬರೀರಿ, ಹೊರಗಿನವರಿಂದ ಕೇಳೂದ ಬ್ಯಾಡ" ಎಂದಳು. ಸಭೆಯಲ್ಲಿ ಎದ್ದು ಆ ಮಾತಾಡಿದವನು ನಿನ್ನ ಅಣ್ಣ ಲಕ್ಕಪ್ಪ. ಬರುವ ವರ್ಷ ಅವನನ್ನು ಚೇರಮನ್ ಮಾಡುತ್ತೇನೆಂದು ದುಂಡಪ್ಪ ಮಾತು ಕೊಟ್ಟಿದ್ದಾನೆ.

ಊರು ಬಿಡುವ ದಿನ ಅಕ್ಬರಸಾಬನ ಹೆಂಡತಿ ಗುಡುಬಿ ನಮ್ಮಲ್ಲಿಗೆ ಬಂದಿದ್ದಳು. ನಿಮ್ಮವ್ವ ಬಾಣಂತಿ ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಲಕ್ಕಪ್ಪನಿಗೆ ಮೊಲೆ ಕೊಟ್ಟು ಉಳಿಸಿದವಳು ಅವಳು. ಪಡಸಾಲೆಯ ಕಟ್ಟೆಯ ಮೇಲೆ ಕೂತು, "ಮಂದಿ ಲಕ್ಕಪ್ಪನ ಹೆಸರ ಹೇಳತಾರ್ರಿ ಅಣ್ಣಾರ. ನಮ್ಮವರನ್ನ ಕೇಳಿದ್ರ, ಗದ್ದಲದಾಗ ಯಾರ ಅಂದ್ರೋ ತಿಳೀಲಿಲ್ಲ ಅಂದ್ರು. ನನ್ನ ಹಾಲ ಕುಡದಾಂವ ಹಂಗ ಅಂತಾನೇನ್ರಿ? ಸುಳ್ಳಲ್ಲೇನ್ರಿ ಅದು?" ಎಂದಳು.

ಅಕ್ಬರಸಾಬ ಲಕ್ಕಪ್ಪನ ಮುಖ ನೋಡುತ್ತಲೇ ಆ ಮಾತು ಕೇಳಿದ್ದ, ಬಾಳವ್ವ. ಹೆಂಡತಿಗೆ ಹೇಳಿಲ್ಲ.

"ಸುಳ್ಳು ತಂಗೀ" ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಲಕ್ಕಪ್ಪನ ಕೋಣೆಯ ಕಡೆ ತಿರುಗಿ, ಎರಡೂ ಕೈ ಎತ್ತಿ ಅವನಿಗಾಗಿ ದುವಾ ಬೇಡಿದಳು. ಅವನು ಒಳಗೇ ಇದ್ದ. ಬಾಗಿಲು ತೆಗೆಯಲಿಲ್ಲ.