ಜಡ್ಜ್ ಕೆಲಸ ಏನಪ್ಪ

ಮಾರ್ಚ್ ೧೨, ಮಂಗಳವಾರ

ನಮ್ಮ ವಾರ್ಡಿನ ಟೈಲರ್ ಡಾಕ್ಟರ ಪರೀಕ್ಷೆಯಲ್ಲಿ ಇವತ್ತೂ ಫೇಲು. ನನಗಿನ್ನೂ ಮೈಯೆಲ್ಲ ಉರೀತಿದೆ.

ಯಾವುದೋ ಅಂಗಡಿಯ ಗಾಜು ಒಡೆದ ಕೇಸು ಅವನದು. ವಿಚಾರಣೆ ಅರ್ಥವಾಗೋ ಸ್ಥಿತಿಯಲ್ಲಿಲ್ಲ ಅಂತ ಕೋರ್ಟು ಅವನನ್ನ ನಮ್ಮ ಆಸ್ಪತ್ರೆಗೆ ಹಾಕಿದೆ. ಅರ್ಥವಾಗುತ್ತೆ ಅಂತ ಡಾಕ್ಟರು ಬರೆದುಕೊಡೋವರೆಗೆ ಬಿಡೋ ಹಾಗಿಲ್ಲ. ಮಾತ್ರೆ ನರ್ಸ್ ಕೆಲಸ, ಕೋರ್ಟು ಅಂದ್ರೇನು ಅಂತ ಪಾಠ ಹೇಳೋದು ನನ್ನದು. ಮಾತ್ರೆಯೇನೋ ಹಿಡಿದಿದೆ. ಕಿವಿಯಲ್ಲಿ ಈಗ ಯಾರೂ ಮಾತಾಡಲ್ಲವಂತೆ. ಬೆಳಿಗ್ಗೆ ನನ್ನನ್ನ ನೋಡಿದವನೇ, "ತೋಳಿನ ಹೊಲಿಗೆ ಬಿಟ್ಟಿದೆ ಅಕ್ಕ" ಅಂದ. ನಾನೇ ಗಮನಿಸಿರಲಿಲ್ಲ.

ಡಾಕ್ಟರು ಕೇಳಿದರು, "ಜಡ್ಜ್ ಕೆಲಸ ಏನಪ್ಪ?"

"ನನ್ನನ್ನ ವಾಪಸ್ ಇಲ್ಲಿಗೆ ಕಳಿಸೋದು ಸಾರ್."

ಅರ್ಥವಾಗಿಲ್ಲ ಅಂತ ಬರೆದರು.

ಹೊರಗೆ ಬಂದ ಮೇಲೆ ಬೈದೆ. "ಎರಡೂ ಕಡೆಯ ಮಾತು ಕೇಳಿ ತೀರ್ಪು ಕೊಡ್ತಾರೆ ಅಂತ ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿರಲಿಲ್ವೇನೋ?"

"ಕೋರ್ಟಿಗೆ ಹೋದಾಗೆಲ್ಲ ಜಡ್ಜ್ ನನ್ನ ಕಡೆ ನೋಡದೇ ವಾಪಸ್ ಕಳಿಸಿದ್ರು ಅಕ್ಕ. ಇದ್ದದ್ದು ಹೇಳಿದೆ."

ಡಾಕ್ಟರ ಹತ್ತಿರ ಹೋಗಿ ಇದನ್ನೇ ವಾದಿಸಿದೆ. "ಪ್ರಶ್ನೆಗೆ ಉತ್ತರ ಬೇಕು ಮೇಡಂ, ಅವನ ಅನುಭವ ಅಲ್ಲ" ಅಂದು ಮುಂದಿನವನನ್ನ ಕರೆದರು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. "ಅದೇನು ಮಾಡಿತ್ತೇ ನಿನಗೆ?" ಅಂದಳು ಅಮ್ಮ.

ನಾಳೆಯಿಂದ ಮತ್ತೆ ಪಾಠ. ಕಂಡದ್ದನ್ನ ಕಂಡ ಹಾಗೆ ಹೇಳಬೇಡ ಅಂತ ಕಲಿಸಬೇಕು. ಅದನ್ನ ಅವನು ಕಲಿತ ದಿನ, ತಲೆ ಸರಿಯಾಗಿದೆ ಅಂತ ಸಹಿ ಹಾಕ್ತಾರೆ.