ಮೊದಲ ಅರ್ಜಿದಾರರು ತೀರಿಕೊಂಡ ಮೇಲೆ

ಹಳ್ಳಕೊಳ್ಳಗಳ ನೀರು ಕೆಡದಂತೆ ಕಾಯಲೆಂದು ಸರ್ಕಾರ ಕೂರಿಸಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಪತ್ರ ತಲುಪಿತು. ‘ಮೊದಲ ಅರ್ಜಿದಾರರಾದ ಶ್ರೀಮತಿ ತಂಗಮ್ಮನವರು ಮರಣ ಹೊಂದಿರುವುದರಿಂದ ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಬರೆದಿದ್ದೀರಿ. ಹತ್ತೊಂಬತ್ತು ವರ್ಷ ನಾವಿಬ್ಬರೂ ಕೊಟ್ಟ ಅರ್ಜಿಗಳಿಗೆ ನಿಮ್ಮ ಕಛೇರಿಯಿಂದ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ತಂಗಮ್ಮಕ್ಕ ಸತ್ತ ಸುದ್ದಿಗೆ ಮಾತ್ರ ಹನ್ನೊಂದೇ ದಿನದಲ್ಲಿ ಉತ್ತರ ಬಂದಿದೆ. ಇಷ್ಟು ಚುರುಕಾದ ಕಛೇರಿಗೆ ಯಾರ ಕಣ್ಣೂ ಬೀಳದಿರಲಿ. ಆದರೆ ಅವರ ಜೊತೆಗೆ ನಮ್ಮ ಹಳ್ಳವನ್ನೂ ಮಣ್ಣು ಮಾಡಿದೆವೆಂದು ನಿಮಗೆ ಯಾರು ಹೇಳಿದರು?

ತಪ್ಪು ನನ್ನದೂ ಇದೆ. ಈ ಸಲದ ಅರ್ಜಿಯಲ್ಲಿ ಅವರ ಹೆಬ್ಬೆಟ್ಟಿನ ಗುರುತು ಯಾಕಿಲ್ಲ ಎಂದು ನೀವು ಕೇಳಬಹುದೆಂದು, ‘ಅವರು ಆಷಾಢದಲ್ಲಿ ತೀರಿಕೊಂಡರು’ ಎಂಬ ಸಾಲನ್ನು ನಾನೇ ಸೇರಿಸಿದ್ದೆ. ಅವರ ಹೆಸರನ್ನು ಮೊದಲು ಬರೆಯುತ್ತಿದ್ದವಳೂ ನಾನೇ. ಅವರು ನನಗಿಂತ ಆರು ವರ್ಷ ದೊಡ್ಡವರು. ದೊಡ್ಡವರ ಹೆಸರು ಮೊದಲು ಬರಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಆ ಮರ್ಯಾದೆಯೇ ಹಳ್ಳಕ್ಕೆ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಕಡತ ಮುಚ್ಚುವ ಮೊದಲು ತಾವು ಅದನ್ನು ತೆರೆದಿದ್ದೀರೋ ಇಲ್ಲವೋ ತಿಳಿಯದು, ಹಾಗಾಗಿ ಮತ್ತೆ ಹೇಳುತ್ತೇನೆ. ಬಣಕಲ್ಲಿನ ಹೊರಗೆ ನಮ್ಮ ಮನೆಯ ಮೇಲ್ಭಾಗದಲ್ಲಿ ಒಂದು ದೊಡ್ಡ ಎಸ್ಟೇಟ್ ಇದೆ. ಕೊಯ್ಲು ಶುರುವಾಗಿ ಪಲ್ಪರ್ ತಿರುಗಿತೆಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಕೊಳೆನೀರೆಲ್ಲ ನೇರ ಹಳ್ಳಕ್ಕೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀರು ಕಂದಾಗಿ ನಾರುತ್ತದೆ, ಮೀನುಗಳು ಸತ್ತು ತೇಲುತ್ತವೆ, ಕೆಳಗೆ ಆಳುಗಳ ಸಾಲುಮನೆಗಳಿರುವ ಕೂಲಿ ಲೈನಿನ ಮಕ್ಕಳು ಮೈಯೆಲ್ಲ ಕೆರೆದುಕೊಳ್ಳುತ್ತಾರೆ. ಆ ನೀರನ್ನು ಹಿಡಿದಿಡಲು ತೋಡಿದ ಗುಂಡಿಯಲ್ಲಿ ಸಿಲ್ವರ್ ಮರದ ಎಲೆ ತುಂಬಿದೆ. ನಾನು ಕಾಫಿಯ ವೈರಿ ಎಂದು ಷರಾ ಬರೆಯಬೇಡಿ. ನನ್ನ ಯಜಮಾನರು ಹಬೀಬುರ್ರಹ್ಮಾನ್, ತೋಟ ತೋಟ ತಿರುಗಿ ಪಲ್ಪರ್ ರಿಪೇರಿ ಮಾಡಿಯೇ ಸಂಸಾರ ಸಾಕಿದವರು. ಗುಂಡಿ ಸರಿಮಾಡಿಸಿ ಎಂದು ಬದುಕಿದ್ದಷ್ಟು ಕಾಲ ಅವರೂ ಹೇಳಿದರು.

ತಂಗಮ್ಮಕ್ಕ ಆ ಲೈನಿನವರು, ಅದೇ ಎಸ್ಟೇಟಿನ ಆಳು. ಹೆಬ್ಬೆಟ್ಟು ಒತ್ತಿದ ವರ್ಷವೇ ಅವರಿಗೆ ಕೆಲಸ ಹೋಯಿತು. ಆಮೇಲೂ ಪ್ರತಿ ಜನವರಿ ನಾವಿಬ್ಬರೂ ಹಳ್ಳದ ನೀರನ್ನು ಬಾಟಲಿಗೆ ತುಂಬಿ, ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ, ನಿಮ್ಮ ಕಛೇರಿಗೆ ತರುತ್ತಿದ್ದೆವು. ಒಮ್ಮೆ ಕಂಡಕ್ಟರು ಮೂಗು ಮುಚ್ಚಿಕೊಂಡು, “ಏನಮ್ಮ ಅದು, ಹೊರಗೆ ಎಸೀರಿ” ಅಂದರು. ತಂಗಮ್ಮಕ್ಕ ಬಾಟಲಿಯನ್ನು ಸೆರಗಿನೊಳಗೆ ಹಿಡಿದು, “ಒಂದು ಬಾಟ್ಲಿ ವಾಸ್ನೆ ತಡ್ಕಳಕ್ಕಾಗಲ್ವಾ ಮಾರಾಯ? ನಾವು ಅದ್ರಲ್ಲೇ ಬಟ್ಟೆ ಒಗೀತೀವಿ” ಅಂದರು. ಬಸ್ಸಿನವರೆಲ್ಲ ನಕ್ಕರು. ನಿಮ್ಮ ಕಛೇರಿಯಲ್ಲಿ ಆ ಬಾಟಲಿಗಳನ್ನು ಏನು ಮಾಡಿದಿರಿ?

ನಿಮ್ಮವರು ಬಂದೇ ಇಲ್ಲ ಎಂದರೆ ನನ್ನ ನಾಲಿಗೆ ಸುಳ್ಳಾದೀತು. ಒಂದು ಸಲ ಬಂದಿದ್ದರು, ಆರಿದ್ರಾ ಮಳೆ ಹಿಡಿದು ಹಳ್ಳ ದಡ ಮೀರಿ ಹರಿಯುವಾಗ. ಪಲ್ಪರಿಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ನೀರು ತೃಪ್ತಿಕರವಾಗಿದೆ ಎಂದು ಬರೆದುಕೊಂಡು ಹೋದರು. ಮದುವೆ ಮುಗಿದ ಮೇಲೆ ಬಂದು ಚಪ್ಪರದಲ್ಲಿ ಗದ್ದಲವೇ ಇಲ್ಲ ಅಂದಂತಾಯಿತು.

ಈ ಸಲ ಕೊಯ್ಲಿಗೆ ಮುಂಚೆಯೇ ಅರ್ಜಿ ಕೊಡೋಣವೆಂದು ಒಬ್ಬಳೇ ಬಂದಿದ್ದೆ. ನಿಮ್ಮ ಕಛೇರಿಯ ಬೆಂಚಿನಲ್ಲಿ ಪಕ್ಕದಲ್ಲಿ ಜಾಗ ಬಿಟ್ಟು ಕೂತಿದ್ದೆನಂತೆ, “ಯಾರಾದ್ರೂ ಬರೋರು ಇದಾರಾ?” ಎಂದು ಒಬ್ಬರು ಕೇಳಿದಾಗಲೇ ನನಗೆ ಗೊತ್ತಾದದ್ದು. ವಾಪಸು ಬರುವಾಗ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದರೆ ಅಕ್ಕಿ ರೊಟ್ಟಿಯ ಪೊಟ್ಟಣ ಎರಡಿತ್ತು. ಕೈ ತನ್ನಷ್ಟಕ್ಕೆ ಕಟ್ಟಿಬಿಟ್ಟಿದೆ. ಒಂದನ್ನು ಹಾಗೇ ಮನೆಗೆ ತಂದೆ. ನನ್ನ ಗಂಡ ಹೋದಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ; ಆಗ ತಂಗಮ್ಮಕ್ಕ ಇದ್ದರು.

ಜೊತೆಗೆ ಸಹಿ ಹಾಕಲು ಊರಿನವರನ್ನು ಕೇಳಲಿಲ್ಲವೇ ಅನ್ನುತ್ತೀರಿ. ನಿಮ್ಮ ಪತ್ರ ಹಿಡಿದು ಮನೆ ಮನೆಗೆ ಹೋದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನವರು ಕೂರಿಸಿ ಕಾಫಿ ಕೊಟ್ಟರು. “ನೀವು ಹೇಳದು ಸರೀನೇ ಬದ್ರಮ್ಮ. ಆದ್ರೆ ನನ್ನ ಸಹಿ ಮಾತ್ರ ಕೇಳ್ಬೇಡಿ” ಅಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಅನ್ನ ಕೊಡುವ ಕೈಗೆ ಎದುರಾಗಿ ಬೆರಳು ಒತ್ತಲು ಎಷ್ಟು ಧೈರ್ಯ ಬೇಕೆಂದು ತಂಗಮ್ಮಕ್ಕನನ್ನು ನೋಡಿ ಬಲ್ಲೆ. ಸಂಬಳ ಪಡೆದು ಹಳ್ಳ ಕಾಯಬೇಕಾದ ನಿಮ್ಮ ಮೇಲೆ ಸಿಟ್ಟಿದೆ.

ಮುಂದಿನ ತಿಂಗಳು ಪಲ್ಪರ್ ತಿರುಗುತ್ತದೆ. ಅದಕ್ಕೆ ಮೊದಲು ಕಡತ ತೆರೆಯಿರಿ. ಪಲ್ಪರ್ ಓಡುವ ವಾರದಲ್ಲಿ ಬೆಳಗ್ಗೆ ಏಳಕ್ಕೆ ಬಂದು, ಲೈನಿನ ಕೆಳಗಿನ ಕಲ್ಲುಸಂಕದ ಹತ್ತಿರ ನಿಮ್ಮ ಕೈಯಾರೆ ನೀರು ತುಂಬಿಕೊಳ್ಳಿ. ದಾರಿ ತೋರಿಸಲು ನಾನಿರುತ್ತೇನೆ, ಎಪ್ಪತ್ತೊಂದಾದರೂ ಇಳಿಜಾರಿನಲ್ಲಿ ಕಾಲು ಜಾರುವುದಿಲ್ಲ. ಇನ್ನೊಂದು ಕೋರಿಕೆ: ತಂಗಮ್ಮಕ್ಕನ ಹೆಸರಿನ ಪಕ್ಕದಲ್ಲಿ ಬೇಕಾದರೆ ‘ಮೃತರು’ ಎಂದು ಬರೆಯಿರಿ, ಹೊಡೆದುಹಾಕಬೇಡಿ. ಮೊದಲ ಹೆಸರು ಅವರದೇ ಇರಲಿ. ಒಬ್ಬಳೇ ಅರ್ಜಿ ಕೊಟ್ಟು ನನಗೆ ಅಭ್ಯಾಸವಿಲ್ಲ.

ಇಂತಿ,
ಸದ್ಯಕ್ಕೆ ಬದುಕಿರುವ ಎರಡನೇ ಅರ್ಜಿದಾರಳು,
ಬದರುನ್ನೀಸಾ
ಬಣಕಲ್