ಒಂದೇ ಓಟಕ್ಕೆ ಎರಡು ಲೆಕ್ಕ

ಅಂಗಡಿಯ ಮೇಲಿನ ಮನೆ,
ಮಾರ್ಚ್ ಒಂಬತ್ತು, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹಾಸ್ಟೆಲಿನ ಮಂಚಕ್ಕೆ ನಿನ್ನ ಬೆನ್ನು ಒಗ್ಗಿತೇ? ನರ್ಸುಗಳಿಗೆ ತರಬೇತಿ ಕೊಡುವವರು ಇಡೀ ದಿನ ನಿಲ್ಲಿಸಿಯೇ ಇಡುತ್ತಾರೆಂದು ಬರೆದಿದ್ದೀಯಲ್ಲ, ಸಂಜೆ ಕಾಲಿಗೆ ಬಿಸಿನೀರು ಹಾಕಿಕೋ. ನನ್ನ ಕೆಮ್ಮು ಇಳಿದಿದೆ. ನೀನು ಬರಲು ಇನ್ನೆರಡು ತಿಂಗಳಿದೆಯೆಂದು ನಿನ್ನ ಮಗಳು ಬುಗುರಿ ದಿನ ಎಣಿಸುತ್ತಿದ್ದಾಳೆ. ಫೋನಿದ್ದೂ ಅಪ್ಪ ಕಾಗದ ಬರೆಯಲು ಯಾಕೆ ಕೂತ ಅನ್ನುತ್ತೀಯೇನೋ. ಫೋನು ಬಂದಾಗೆಲ್ಲ ಅವಳು ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ, ಅದಕ್ಕೆ.

ವಿಷಯ ಅವಳ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಫಿಟ್‌ನೆಸ್ ಬ್ಯಾಂಡಿನದು. ಓಡಿದರೆ, ಮೆಟ್ಟಿಲು ಹತ್ತಿದರೆ ಮೈ ಎಷ್ಟು ಕ್ಯಾಲೊರಿ ಸುಟ್ಟಿತೆಂದು ಅದು ತೋರಿಸುತ್ತದೆ. ತೋರಿಸಲಿ ಬಿಡು. ಆದರೆ ಅಂಕಿ ಕಡಿಮೆಯಾದ ದಿನ ಇವಳು ಬಡಿಸಿದ್ದರಲ್ಲಿ ಅರ್ಧವನ್ನು ಪಾತ್ರೆಗೇ ವಾಪಸು ಸುರಿಯುತ್ತಾಳೆ. ಹದಿಮೂರು ವರ್ಷದ, ಕೋಲಿನಂಥ ಹುಡುಗಿ! ನಾನು ಗದರಿದೆ. “ತಕ್ಕಡಿ ಮುಳ್ಳು ತೋರಿಸಿದ್ದೇ ಸರಿ, ಕಣ್ಣಂದಾಜು ನಂಬಬೇಡ ಅಂತ ನೀವೇ ಹೇಳಿದ್ದಲ್ವಾ ತಾತಾ?” ಅಂದಳು. ಹೇಳಿದ್ದು ನಿಜ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು ಮೊಮ್ಮಗಳಿಗೆ ಇನ್ನೇನು ಕಲಿಸಿಯಾನು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಬ್ಯಾಂಡನ್ನೇ ಪರೀಕ್ಷೆಗೆ ಹಚ್ಚಿದೆ. ದಿನಕ್ಕೊಂದು ಗಂಟೆ ಮಾತ್ರವೆಂದು ಅವಳಿಂದ ಕಾಡಿಬೇಡಿ ಪಡೆದು, ಅದನ್ನು ಕೈಗೆ ಕಟ್ಟಿಕೊಂಡು, ಅಂಗಡಿಯಲ್ಲಿ ಕೂತಲ್ಲೇ ಒಂದು ಹಿತ್ತಾಳೆ ಪಟ್ಟಿಯನ್ನು ಅರದಿಂದ ಉಜ್ಜಿದೆ. ಕುರ್ಚಿ ಬಿಟ್ಟು ಏಳದವನು ಸಾವಿರದ ಇನ್ನೂರು ಹೆಜ್ಜೆ ನಡೆದಿದ್ದಾನೆಂದು ಅದು ನನ್ನನ್ನು ಹೊಗಳಿತು. ಮರುದಿನ ಹತ್ತು ಕೆಜಿಯ ಆರು ತೂಕದ ಕಲ್ಲುಗಳನ್ನು ಕೈಗಾಡಿಯಲ್ಲಿಟ್ಟು ಬೀದಿಯ ಕೊನೆಯವರೆಗೂ ತಳ್ಳಿದೆ. ಬೆವರು ಧಾರಾಕಾರ. ಆದರೆ ಕೈ ಹಿಡಿಕೆಯ ಮೇಲೆ ಅಲುಗದೆ ಇತ್ತಲ್ಲ, ಆ ಪುಣ್ಯಾತ್ಮ ಬ್ಯಾಂಡು ನನ್ನನ್ನು ಸೋಮಾರಿಗಳ ಪಟ್ಟಿಗೆ ಸೇರಿಸಿತು. ಕೊನೆಗೆ ಅವಳ ಶಾಲೆಯ ಡ್ರಿಲ್ ಮೇಷ್ಟ್ರ ಹತ್ತಿರ ಅವರ ಬ್ಯಾಂಡನ್ನೂ ಇಸಿದುಕೊಂಡು ಎರಡು ಕೈಗೂ ಒಂದೊಂದು ಕಟ್ಟಿ ಬುಗುರಿಯನ್ನು ಮೈದಾನ ಸುತ್ತಿಸಿದೆ. ಎಡಗೈ ನೂರ ನಲವತ್ತು ಕ್ಯಾಲೊರಿ ಅಂದಿತು, ಬಲಗೈ ಇನ್ನೂರ ಹದಿನೈದು. ಹುಡುಗಿ ಒಬ್ಬಳೇ, ಓಟ ಒಂದೇ!

ಯಾವುದು ಸರಿ ಎಂದು ಮೇಷ್ಟ್ರನ್ನು ಕೇಳಿದರೆ ಅವರು ನಕ್ಕರು. “ನಾಡಿಯನ್ನ ಸುಮಾರಾಗಿ ಸರಿಯಾಗೇ ಎಣಿಸುತ್ತೆ ಯಜಮಾನ್ರೇ, ಕ್ಯಾಲೊರಿ ಮಾತ್ರ ಬರೀ ಅಂದಾಜು” ಅಂದರು. ವಯಸ್ಸು, ತೂಕ, ನಾಡಿ, ಕೈಯ ಓಲಾಟ ಎಲ್ಲ ಸೇರಿಸಿ ಊಹಿಸುತ್ತದಂತೆ. ನಮ್ಮಲ್ಲಿ ಎರಡು ತಕ್ಕಡಿ ಜಗಳವಾಡಿದರೆ ಗೊತ್ತಿರುವ ತೂಕವನ್ನಿಟ್ಟು ನ್ಯಾಯ ತೀರಿಸುತ್ತೇವೆ. ಇದಕ್ಕೆ ಯಾವ ಕಲ್ಲನ್ನಿಡಲಿ? ಮೂಗುಬಾಯಿಗೆ ಮುಸುಕು ಹಾಕಿ ಉಸಿರನ್ನೇ ಅಳೆಯಬೇಕಂತೆ, ಅದಕ್ಕೆ ದೊಡ್ಡ ಯಂತ್ರವೇ ಬೇಕಂತೆ. ನಾನೆಲ್ಲಿಂದ ತರಲಿ?

ಹೀಗೆ ತಲೆಬುಡ ತಿಳಿಯದೆ ಕೂತಿದ್ದೇನೆ. ಬ್ಯಾಂಡು ಸುಳ್ಳು ಹೇಳುತ್ತದೆ ಎಂದರೆ ಹೆಚ್ಚು ಹೇಳುತ್ತೋ ಕಡಿಮೆ ಹೇಳುತ್ತೋ ಎಂದು ಅವಳು ಕೇಳುತ್ತಾಳೆ, ನನಗೇ ಗೊತ್ತಿಲ್ಲ. ಕಿತ್ತಿಡೋಣವೆಂದರೆ ಅಮ್ಮ ಕೊಟ್ಟದ್ದೆಂದು ಮಲಗುವಾಗಲೂ ಬಿಚ್ಚುವುದಿಲ್ಲ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ದಿನಾ ಅವಳು ಆ ಅಂಕಿಯನ್ನು ನಿನಗೆ ಕಳಿಸುತ್ತಾಳೆ, ಭೇಷ್, ನಾಳೆ ಇನ್ನೂ ಜಾಸ್ತಿ ಎಂದು ನೀನು ಉತ್ತರಿಸುತ್ತೀಯ. ಅದನ್ನು ಅವಳು ಮನೆಯೆಲ್ಲ ಓದಿಕೊಂಡು ಓಡಾಡುತ್ತಾಳೆ. ದೂರದಲ್ಲಿರುವವಳಿಗೆ ಮಗಳು ಕಳಿಸಿದ ಅಂಕಿಯೇ ಮಗಳು, ನಿನ್ನದೇನು ತಪ್ಪು? ಮೊದಲ ವಾರ ನಾನೂ ಚಪ್ಪಾಳೆ ತಟ್ಟಿದವನೇ. ಈಗ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಗಿದೆ.

ನಿನ್ನ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ, ನಿನಗೆ ಒಳ್ಳೆಯದಾಗಲಿ. ಪಕ್ಕದ ಮನೆಯ ಬಸ್ ಡ್ರೈವರ್ ನೀನಿರುವ ಊರಿಗೇ ಹೊರಟಿದ್ದಾನೆ, ಸಂಜೆಯೊಳಗೆ ಈ ಕಾಗದವನ್ನು ನಿನ್ನ ಕೈಗೆ ತಲುಪಿಸುತ್ತಾನಂತೆ.

ನಿನ್ನ
ಅಪ್ಪ

ತಾ.ಕ.: ಡ್ರೈವರ್ ಕೆಳಗೆ ಕಾಯುತ್ತಿದ್ದಾನೆ. ಸುತ್ತಿ ಬಳಸಿದ್ದು ಸಾಕು, ಹೇಳಿಬಿಡುತ್ತೇನೆ. ಗುರುವಾರ ಬುಗುರಿ ಮೈದಾನದಲ್ಲಿ ತಲೆಸುತ್ತಿ ಬಿದ್ದಳು. ಪೆಟ್ಟೇನೂ ಆಗಿಲ್ಲ. ಹೊಟ್ಟೆಗೆ ಸಾಲುತ್ತಿಲ್ಲ ಎಂದರು ಡಾಕ್ಟರು. ಅಮ್ಮನಿಗೆ ಹೇಳಬೇಡಿ ಎಂದು ಅತ್ತಳು, ನಾನು ಮಾತು ಕೊಟ್ಟೆ, ಈಗ ಮುರಿಯುತ್ತಿದ್ದೇನೆ. ಮನೆಗೆ ಕರೆತಂದು, ಹಸಿವಾಗಿದೆಯೇನೇ ಎಂದು ಕೇಳಿದೆ. ಅವಳು ಮೊದಲು ಕೈ ತಿರುಗಿಸಿ ಬ್ಯಾಂಡು ನೋಡಿದಳು. ಆಮೇಲೆ “ಇಲ್ಲ ತಾತಾ” ಅಂದಳು. ನನಗೆ ಹೆದರಿಕೆಯಾಗಿದೆ ಮಗಳೇ, ಎರಡು ದಿನಕ್ಕಾದರೂ ರಜೆ ಹಾಕಿ ಬಾ.